ಲ್ಯಾಟಿನ್ ವಿಶೇಷಣವೂ ಕನ್ನಡದ ಗುಣವಚನವೂ

ಎಳ್ಳಮಾವಾಸ್ಯೆಯ ಹಿಂದಿನ ದಿನ ನಮ್ಮ ಮನೆಯ ಪಡಸಾಲೆಯಲ್ಲಿ ಓದುತ್ತ ಕುಳಿತಿದ್ದ ಮೊಮ್ಮಗಳು ತನ್ನ ಜೀವಶಾಸ್ತ್ರದ ಪುಸ್ತಕವನ್ನು ನನ್ನ ಮುಂದೆ ಹಿಡಿದು, “ಅಜ್ಜಾ, ಎತ್ತಿಗೆ ಬಾಸ್ ಇಂಡಿಕಸ್, ಬೇವಿಗೆ ಅಜಾಡಿರಾಕ್ಟಾ ಇಂಡಿಕಾ, ಎಳ್ಳಿಗೆ ಸೆಸಮಮ್ ಇಂಡಿಕಮ್ ಅಂತ ಬರದಾರ. ಮೂರಕ್ಕೂ ಇಂಡಿಯಾದ್ದು ಅಂತನ ಅರ್ಥ. ಹಂಗಾದ್ರ ಮೂರು ನಮೂನಿ ಯಾಕ? ಅಚ್ಚಿನ ತಪ್ಪೇನು?” ಎಂದು ಕೇಳಿದಳು.

ಅಚ್ಚಿನ ತಪ್ಪಲ್ಲವೆಂದು ಹೇಳಿದೆನು. ಪಾಠಶಾಲೆಯಲ್ಲಿ ಅಮರಕೋಶವನ್ನೂ ಶಬ್ದರೂಪಗಳನ್ನೂ ಬಾಯಿಪಾಠ ಮಾಡಿದವನಿಗೆ ಈ ಪ್ರಶ್ನೆಗೆ ಉತ್ತರ ಹೇಳುವದು ಕಷ್ಟವಲ್ಲ. ಆದರೆ ಉತ್ತರ ಹೇಳುತ್ತ ಹೋದಂತೆ, ನಾನು ಶಿಕ್ಷಕನಾಗಿದ್ದಾಗ ಒಬ್ಬ ಹುಡುಗನಿಗೆ ಮಾಡಿದ ಅನ್ಯಾಯವೊಂದು ನೆನಪಿಗೆ ಬಂದಿತು. ಆ ಅನ್ಯಾಯಕ್ಕೂ ರೋಮನ್ನರ ವ್ಯಾಕರಣಕ್ಕೂ ದೂರದ ಸಂಬಂಧವುಂಟು. ಆ ಸಂಬಂಧವನ್ನು ಕ್ರಮವಾಗಿ ಬಿಡಿಸಿ ತೋರಿಸುವದೇ ಪ್ರಸ್ತುತ ಲೇಖನದ ಉದ್ದೇಶ.

೧

ಮೊದಲು ಲ್ಯಾಟಿನ್ ವಿಶೇಷಣದ ಸ್ವರೂಪವನ್ನು ನೋಡೋಣ. ಕನ್ನಡದಲ್ಲಿ ಲಿಂಗವು ಅರ್ಥವನ್ನು ಅನುಸರಿಸುವದು. ಗಂಡಸು ಪುಲ್ಲಿಂಗ, ಹೆಂಗಸು ಸ್ತ್ರೀಲಿಂಗ, ಉಳಿದುದೆಲ್ಲವೂ ನಪುಂಸಕ. ಲ್ಯಾಟಿನ್ನಿನಲ್ಲಿ ಹಾಗಲ್ಲ. ಅಲ್ಲಿ ಮನೆಯು ಸ್ತ್ರೀಲಿಂಗ, ಪುಸ್ತಕವು ಪುಲ್ಲಿಂಗ, ಯುದ್ಧವು ನಪುಂಸಕ. ಸಂಸ್ಕೃತವನ್ನು ಓದಿದವರಿಗೆ ಇದು ಹೊಸದೆನಿಸಲಾರದು. ಹೆಂಡತಿ ಎಂಬ ಒಂದೇ ಅರ್ಥಕ್ಕೆ ಸಂಸ್ಕೃತದಲ್ಲಿ ದಾರ ಶಬ್ದವು ಪುಲ್ಲಿಂಗ, ಭಾರ್ಯಾ ಶಬ್ದವು ಸ್ತ್ರೀಲಿಂಗ, ಕಲತ್ರ ಶಬ್ದವು ನಪುಂಸಕಲಿಂಗ. ಲಿಂಗವು ವಸ್ತುವಿನದಲ್ಲ, ಶಬ್ದದ್ದು.

ಹೀಗೆ ಲಿಂಗವುಳ್ಳ ನಾಮಪದದ ಜತೆಗೆ ಗುಣವನ್ನು ಹೇಳುವ ಶಬ್ದವು ಬಂದಾಗ, ಅದು ಆ ನಾಮಪದದ ಲಿಂಗ, ವಚನ, ವಿಭಕ್ತಿ ಈ ಮೂರನ್ನೂ ತೊಡಬೇಕು. ಒಳ್ಳೆಯ ಎಂಬ ಅರ್ಥದ ಶಬ್ದವು ಪುಲ್ಲಿಂಗದಲ್ಲಿ ಬೋನಸ್, ಸ್ತ್ರೀಲಿಂಗದಲ್ಲಿ ಬೋನಾ, ನಪುಂಸಕದಲ್ಲಿ ಬೋನಮ್. ದೀಪಾವಳಿಗೆ ಕಾರಖಾನೆಯ ಕೆಲಸಗಾರರಿಗೆ ದೊರೆಯುವ ಬೋನಸ್ ಇದೇ ಲ್ಯಾಟಿನ್ ವಿಶೇಷಣದ ಪುಲ್ಲಿಂಗರೂಪ. ಲಿಂಗ ಮೂರು, ವಚನ ಎರಡು, ಸಂಬೋಧನೆಯನ್ನು ಸೇರಿಸಿ ವಿಭಕ್ತಿ ಆರು: ಒಟ್ಟು ೩೬ ಸ್ಥಾನಗಳು. ಕೆಲವು ಸ್ಥಾನಗಳಲ್ಲಿ ರೂಪವು ಒಂದೇ ಆದರೂ ಲೆಕ್ಕವು ಇಷ್ಟು. ದ್ವಿವಚನವೂ ಎಂಟು ವಿಭಕ್ತಿಗಳೂ ಇರುವ ಸಂಸ್ಕೃತದಲ್ಲಿ ಶ್ವೇತ ಎಂಬ ಶಬ್ದಕ್ಕೆ ಇದೇ ಲೆಕ್ಕದಿಂದ ೭೨ ಸ್ಥಾನಗಳು.

ಈಗ ಮೊಮ್ಮಗಳ ಪ್ರಶ್ನೆಗೆ ಬರೋಣ. ಬಾಸ್ ಎಂದರೆ ಗೋವು. ಅದು ನಮ್ಮ ಗೌಃ ಶಬ್ದದ ದಾಯಾದಿ. ಆ ಹೆಸರಿನಲ್ಲಿ ಅದನ್ನು ಪುಲ್ಲಿಂಗವೆಂದು ಹಿಡಿದುದರಿಂದ ಇಂಡಿಕಸ್. ಅಜಾಡಿರಾಕ್ಟಾ ಎಂಬದು ಸ್ವತಂತ್ರವೃಕ್ಷ ಎಂಬರ್ಥದ ಫಾರಸಿ ಮಾತಿನಿಂದ ಬಂದುದು. ಲ್ಯಾಟಿನ್ನಿಗೆ ಬಂದ ಮೇಲೆ ಅದು ಸ್ತ್ರೀಲಿಂಗವಾಯಿತು, ಆದುದರಿಂದ ಇಂಡಿಕಾ. ಸೆಸಮಮ್ ನಪುಂಸಕ, ಆದುದರಿಂದ ಇಂಡಿಕಮ್. ಸ್ವೀಡನ್ನಿನ ಲಿನೇಯಸನು ೧೭೫೩ರಲ್ಲಿ ಸಸ್ಯಗಳಿಗೆ ಎರಡು ಪದಗಳ ಹೆಸರನ್ನಿಡುವ ಪದ್ಧತಿಯನ್ನು ನೆಲೆಗೊಳಿಸಿದನು. ಎರಡನೆಯ ಪದವು ವಿಶೇಷಣವಾಗಿದ್ದರೆ ಅದು ಮೊದಲನೆಯದರ ಲಿಂಗವನ್ನು ಹೊಂದಲೇಬೇಕೆಂಬದು ಇಂದಿಗೂ ಸಸ್ಯಶಾಸ್ತ್ರಜ್ಞರ ಕಟ್ಟಳೆ. ರೋಮ ಸಾಮ್ರಾಜ್ಯವು ಅಳಿದು ಸಾವಿರದೈನೂರು ವರ್ಷಗಳು ಕಳೆದರೂ ಅದರ ವಿಶೇಷಣವು ನಮ್ಮ ಹೊಲದಲ್ಲಿ ಜೀವಂತವಾಗಿರುವದು.

ನವಣೆಯ ಕಥೆಯು ಇದಕ್ಕೆ ಒಳ್ಳೆಯ ನಿದರ್ಶನ. ಲಿನೇಯಸನು ಅದಕ್ಕೆ ಪ್ಯಾನಿಕಮ್ ಇಟಾಲಿಕಮ್ ಎಂದು ಹೆಸರಿಟ್ಟಿದ್ದನು. ಮುಂದೆ ೧೮೧೨ರಲ್ಲಿ ಅದನ್ನು ಸೆಟೇರಿಯಾ ಎಂಬ ಸ್ತ್ರೀಲಿಂಗದ ಕುಲಕ್ಕೆ ಸೇರಿಸಲು, ಕೂಡಲೆ ಇಟಾಲಿಕಮ್ ಹೋಗಿ ಇಟಾಲಿಕಾ ಆಯಿತು. ಕಾಳು ಅದೇ, ತೆನೆ ಅದೇ. ಮನೆತನ ಬದಲಾದ ಕೂಡಲೆ ಉಡಿಗೆ ಬದಲಾಯಿತು. ಆದರೆ ನಮ್ಮ ಜೋಳಕ್ಕೆ ಈ ಕಷ್ಟ ಬರಲಿಲ್ಲ. ಮೊದಲು ಹಾಲ್ಕಸ್ ಬೈಕಲರ್ ಎನಿಸಿಕೊಂಡಿದ್ದ ಅದು ೧೭೯೪ರಲ್ಲಿ ಸಾರ್ಗಮ್ ಬೈಕಲರ್ ಆಯಿತು. ಪುಲ್ಲಿಂಗವು ಹೋಗಿ ನಪುಂಸಕವು ಬಂದರೂ ಎರಡು ಬಣ್ಣದ್ದು ಎಂಬ ಅರ್ಥದ ಬೈಕಲರ್ ಕದಲಲಿಲ್ಲ. ಏಕೆಂದರೆ ಪ್ರಥಮಾ ಏಕವಚನದಲ್ಲಿ ಮೂರು ಲಿಂಗಗಳಿಗೂ ಒಂದೇ ರೂಪವಿರುವ ಕೆಲವು ವಿಶೇಷಣಗಳು ಲ್ಯಾಟಿನ್ನಿನಲ್ಲಿಯೂ ಉಂಟು. ಸುಖಿ ಎಂಬ ಅರ್ಥದ ಫೇಲಿಕ್ಸ್ ಅಂಥದೇ. ಇನ್ನು ಕೆಲವಕ್ಕೆ ಪುಲ್ಲಿಂಗ ಸ್ತ್ರೀಲಿಂಗಗಳೆರಡಕ್ಕೂ ಒಂದು ರೂಪ, ನಪುಂಸಕಕ್ಕೆ ಇನ್ನೊಂದು: ಬಲಿಷ್ಠ ಎಂಬ ಅರ್ಥದಲ್ಲಿ ಫೋರ್ಟಿಸ್, ಫೋರ್ಟೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಬೇಕು. ವಿಶೇಷಣವು ಹೊಂದಬೇಕಾದುದು ಲಿಂಗಕ್ಕೆ, ಕೊನೆಯ ಧ್ವನಿಗಲ್ಲ. ಅರಳಿಮರಕ್ಕೆ ಫೈಕಸ್ ರಿಲಿಜಿಯೋಸಾ ಎಂದು ಹೆಸರು. ಫೈಕಸ್ ಎಂಬದರ ಕೊನೆಯು ಪುಲ್ಲಿಂಗದಂತೆ ಕಂಡರೂ ರೋಮನ್ನರಲ್ಲಿ ಮರಗಳ ಹೆಸರುಗಳು ಸಾಮಾನ್ಯವಾಗಿ ಸ್ತ್ರೀಲಿಂಗ, ಆದಕಾರಣ ರಿಲಿಜಿಯೋಸಾ. ಹುಣಸೆಯು ಟ್ಯಾಮರಿಂಡಸ್ ಇಂಡಿಕಾ ಆದುದೂ ಇದೇ ಕಾರಣದಿಂದ. ಅದಕ್ಕೆ ವಿರುದ್ಧವಾಗಿ, ಕವಿ ಎಂಬ ಅರ್ಥದ ಪೊಯೇಟಾ ಎಂಬದು ಸ್ತ್ರೀಲಿಂಗದಂತೆ ಕೇಳಿಸಿದರೂ ಪುಲ್ಲಿಂಗ. ಒಳ್ಳೆಯ ಕವಿಯು ಪೊಯೇಟಾ ಬೋನಸ್.

೨

ಇಷ್ಟೊಂದು ಆಡಂಬರವೇಕೆ ಎಂದು ಕೇಳಬಹುದು. ಇದು ಆಡಂಬರವಲ್ಲ, ಅವಶ್ಯಕತೆ. ಲ್ಯಾಟಿನ್ ವಾಕ್ಯದಲ್ಲಿ ಪದಗಳಿಗೆ ಗೊತ್ತಾದ ಸ್ಥಳವಿಲ್ಲ. ವಿಶೇಷಣವು ವಾಕ್ಯದ ಆದಿಯಲ್ಲಿಯೂ ಅದರ ವಿಶೇಷ್ಯವು ಅಂತ್ಯದಲ್ಲಿಯೂ ಇರಬಹುದು. ಪದವಿಪತ್ರಗಳಲ್ಲಿ ಕಾಣುವ ಮ್ಯಾಗ್ನಾ ಕಮ್ ಲಾಡೆ ಎಂಬ ಮಾತನ್ನು ವಾಚಕರು ನೋಡಿರಬಹುದು. ಮ್ಯಾಗ್ನಾ ಎಂದರೆ ಹಿರಿದಾದ, ಕಮ್ ಎಂದರೆ ಒಡನೆ, ಲಾಡೆ ಎಂದರೆ ಪ್ರಶಂಸೆ. ಹಿರಿದಾದ, ಒಡನೆ, ಪ್ರಶಂಸೆ ಎಂದು ಕನ್ನಡದಲ್ಲಿ ಹೇಳಿದರೆ ಯಾರಿಗೂ ತಿಳಿಯದು. ಲ್ಯಾಟಿನ್ನಿನಲ್ಲಿ ತಿಳಿಯುವದೇಕೆಂದರೆ, ಮ್ಯಾಗ್ನಾ ಮತ್ತು ಲಾಡೆ ಎರಡೂ ಸ್ತ್ರೀಲಿಂಗ, ಏಕವಚನ, ಒಂದೇ ವಿಭಕ್ತಿ. ನಡುವೆ ಬೇರೊಂದು ಪದವು ಬಂದು ಕುಳಿತರೂ, ಜಾತ್ರೆಯ ಗದ್ದಲದಲ್ಲಿ ಒಂದೇ ಬಣ್ಣದ ರುಮಾಲು ಸುತ್ತಿಕೊಂಡ ಒಂದೇ ಊರಿನವರಂತೆ, ಅವು ಒಂದನ್ನೊಂದು ಗುರುತಿಸುವವು.

ಸಂಸ್ಕೃತದ ಶ್ಲೋಕಕ್ಕೆ ಅನ್ವಯವನ್ನು ಹೇಳುವವರು ಮಾಡುವ ಕೆಲಸವೂ ಇದೇ. ವಿಶೇಷ್ಯದ ಲಿಂಗ ವಚನ ವಿಭಕ್ತಿಗಳು ಯಾವವೋ ಅವೇ ವಿಶೇಷಣಕ್ಕೂ ಎಂದು ಗುರುಗಳು ನಮಗೆ ಮೊದಲು ಕಲಿಸಿದರು. ಅಮರಸಿಂಹನು ತನ್ನ ಕೋಶದ ಮೂರನೆಯ ಕಾಂಡವನ್ನು ವಿಶೇಷ್ಯನಿಘ್ನವರ್ಗದಿಂದಲೇ ಆರಂಭಿಸಿದ್ದಾನೆ. ನಿಘ್ನ ಎಂದರೆ ಅಧೀನ. ವಿಶೇಷ್ಯದ ಅಧೀನದಲ್ಲಿರುವ ಶಬ್ದಗಳ ಸಮೂಹವೆಂದು ಅರ್ಥ.

ಈ ಎರಡು ಭಾಷೆಗಳ ನಡತೆಯು ಒಂದೇ ಆಗಿರುವದು ಆಕಸ್ಮಿಕವಲ್ಲ. ಕಲಕತ್ತೆಯ ಏಶಿಯಾಟಿಕ್ ಸೊಸಾಯಿಟಿಯಲ್ಲಿ ೧೭೮೬ರಲ್ಲಿ ಸರ್ ವಿಲಿಯಂ ಜೋನ್ಸನು ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಹುಟ್ಟಿರಬೇಕೆಂದು ಸೂಚಿಸಿದನು. ವಿಶೇಷಣಗಳಲ್ಲಿಯೇ ಅದರ ಗುರುತನ್ನು ನೋಡಬಹುದು: ನವ ಮತ್ತು ನೋವಸ್, ಮಧ್ಯ ಮತ್ತು ಮೀಡಿಯಸ್, ಗುರು ಮತ್ತು ಗ್ರಾವಿಸ್, ಲಘು ಮತ್ತು ಲೆವಿಸ್, ಸ್ವಾದು ಮತ್ತು ಸುವಾವಿಸ್. ಒಂದೇ ಗರಡಿಯಲ್ಲಿ ಬೆಳೆದ ಅಣ್ಣತಮ್ಮಂದಿರು ಒಂದೇ ಪಟ್ಟು ಹಾಕುವರು.

ಇನ್ನೊಂದು ಸಾಮ್ಯವೂ ಉಂಟು. ಅದನ್ನು ಮರೆತರೆ ಮುಂದಿನ ಮಾತು ತಿಳಿಯಲಾರದು. ರೋಮನ್ನರು ವಿಶೇಷಣವನ್ನು ಬೇರೆಯೊಂದು ಪದಜಾತಿಯೆಂದು ಎಣಿಸಿರಲೇ ಇಲ್ಲ. ನಾಲ್ಕನೆಯ ಶತಮಾನದ ಡೊನೇಟಸನು ಪದಗಳನ್ನು ಎಂಟು ಭಾಗಗಳಾಗಿ ವಿಂಗಡಿಸಿದನು. ನಾಮ, ಸರ್ವನಾಮ, ಕ್ರಿಯೆ, ಕ್ರಿಯಾವಿಶೇಷಣ, ಕೃದಂತ, ಸಂಯೋಜಕ, ಉಪಸರ್ಗ, ಉದ್ಗಾರ. ಇದರಲ್ಲಿ ಗುಣವಾಚಕಕ್ಕೆ ಸ್ಥಳವಿಲ್ಲ. ಅದು ನಾಮದ ಹೊಟ್ಟೆಯೊಳಗೇ ಇದೆ. ಆರನೆಯ ಶತಮಾನದ ಆರಂಭದಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ೧೮ ಪುಸ್ತಕಗಳ ಮಹಾವ್ಯಾಕರಣವನ್ನು ಬರೆದ ಪ್ರಿಸಿಯನನೂ ಅದನ್ನು ನಾಮದ ಒಂದು ಬಗೆಯೆಂದೇ ತಿಳಿದನು. ಅಡ್ಜೆಕ್ಟಿವಮ್ ಎಂಬ ಹೆಸರಿಗೆ ಜತೆಗೆ ಸೇರಿಸಿದ್ದು ಎಂದಿಷ್ಟೇ ಅರ್ಥ. ಅದು ಗ್ರೀಕರ ಶಬ್ದದ ಅನುವಾದ. ಪಾಣಿನಿಯಲ್ಲಿಯೂ ಹೀಗೆಯೇ. ಗುಣವಚನವೆಂಬ ಸಂಜ್ಞೆಯಿದೆ, ವಿಶೇಷಣವೆಂಬ ಮಾತಿದೆ. ಆದರೆ ರೂಪಸಿದ್ಧಿಯಲ್ಲಿ ಎರಡೂ ಪ್ರಾತಿಪದಿಕಗಳೇ, ಅದೇ ಸುಪ್ ಪ್ರತ್ಯಯಗಳೇ. ಯುರೋಪದಲ್ಲಿ ವಿಶೇಷಣವನ್ನು ನಾಮದಿಂದ ಬೇರ್ಪಡಿಸಿ ಸ್ವತಂತ್ರ ಪದಜಾತಿಯ ಪಟ್ಟ ಕಟ್ಟಿದವರು ಹದಿನೆಂಟನೆಯ ಶತಮಾನದ ಫ್ರೆಂಚ್ ವೈಯಾಕರಣರು.

ಹೀಗೆ ನಾಮವೇ ಆಗಿರುವದರಿಂದಲೇ ಲ್ಯಾಟಿನ್ ವಿಶೇಷಣವು ಒಂಟಿಯಾಗಿಯೂ ನಿಲ್ಲಬಲ್ಲದು. ಬೋನಸ್ ಎಂದಷ್ಟೇ ಹೇಳಿದರೆ ಒಳ್ಳೆಯವನು, ಬೋನಾ ಎಂದರೆ ಒಳ್ಳೆಯವಳು. ಅದೇ ಬೋನಾ ನಪುಂಸಕ ಬಹುವಚನವಾದಾಗ ಒಳ್ಳೆಯವು, ಅಂದರೆ ಆಸ್ತಿಪಾಸ್ತಿ. ಅವನು, ಅವಳು, ಅವು ಎಂಬುದೆಲ್ಲವೂ ಪ್ರತ್ಯಯದಲ್ಲಿಯೇ ಅಡಗಿದೆ.

೩

ಈ ಲ್ಯಾಟಿನ್ ಅಚ್ಚು ನಮ್ಮ ನಾಡಿಗೆ ಬಂದುದು ಪಶ್ಚಿಮ ಸಮುದ್ರದ ದಾರಿಯಿಂದ. ೧೫೭೯ರಲ್ಲಿ ಗೋವೆಗೆ ಬಂದ ಥಾಮಸ್ ಸ್ಟೀವನ್ಸನೆಂಬ ಆಂಗ್ಲ ಜೆಸುಯಿಟ್ ಪಾದ್ರಿಯು ಬರೆದ ವ್ಯಾಕರಣವು ಅವನು ತೀರಿಕೊಂಡ ಮೇಲೆ, ೧೬೪೦ರಲ್ಲಿ, ರಾಚೋಲಿನಲ್ಲಿ ಅಚ್ಚಾಯಿತು. ಅದರ ಹೆಸರಿನಲ್ಲಿ ಕಾನಾರಿಂ ಎಂದಿದ್ದರೂ ಅದು ಕೊಂಕಣಿಯ ವ್ಯಾಕರಣ. ಹದಿನೇಳನೆಯ ಶತಮಾನದ ನಡುವೆ ಮೈಸೂರು ಸೀಮೆಯಲ್ಲಿ ಧರ್ಮಪ್ರಚಾರಕ್ಕೆ ನಿಂತ ಲಿಯೊನಾರ್ದೊ ಚಿನ್ನಾಮಿ ಎಂಬ ಇಟಲಿಯ ಪಾದ್ರಿಯು ಕನ್ನಡಕ್ಕೂ ಒಂದು ವ್ಯಾಕರಣವನ್ನು ಬರೆದನು. ತಮಿಳಿನಲ್ಲಿ ಬೆಸ್ಕಿ ಪಾದ್ರಿಯ ವ್ಯಾಕರಣವು ಲ್ಯಾಟಿನ್ ಭಾಷೆಯಲ್ಲಿಯೇ ೧೭೩೮ರಲ್ಲಿ ತರಂಗಂಬಾಡಿಯಲ್ಲಿ ಅಚ್ಚಾಯಿತು. ಬೆಂಗಳೂರಿನಲ್ಲಿ ೧೮೬೧ರಲ್ಲಿ ಕ್ಯಾಥೋಲಿಕ್ ಗುರುಗಳು ಲ್ಯಾಟಿನ್–ಕನ್ನಡ ನಿಘಂಟನ್ನೇ ಮುದ್ರಿಸಿದರು.

ಅಷ್ಟರಲ್ಲಿ ಇಂಗ್ಲಿಷಿನಲ್ಲಿಯೂ ಕನ್ನಡ ವ್ಯಾಕರಣಗಳು ಹೊರಟವು. ಬಂಗಾಲದ ಶ್ರೀರಾಮಪುರದಿಂದ ವಿಲಿಯಂ ಕೇರಿಯದು ೧೮೧೭ರಲ್ಲಿ, ಮದರಾಸಿನಿಂದ ಮೆಕೆರೆಲನದು ೧೮೨೦ರಲ್ಲಿ. ಬೆಂಗಳೂರಿನಲ್ಲಿ ಹಾಡ್ಸನ್ನನದು ೧೮೬೪ರಲ್ಲಿ ಎರಡನೆಯ ಸಲ ಮುದ್ರಣವಾಯಿತು. ಈ ಮಹನೀಯರ ಪರಿಶ್ರಮಕ್ಕೆ ನಾವು ಋಣಿಗಳು. ಕನ್ನಡವನ್ನು ಹೊಸದಾಗಿ ಕಲಿಯುವ ಯುರೋಪಿಯನ್ನರಿಗೆ ಅವರಿಗೆ ತಿಳಿದ ಚೌಕಟ್ಟಿನಲ್ಲಿಯೇ ಹೇಳಬೇಕಾಗಿತ್ತು. ಅವರೆಲ್ಲರೂ ಬಾಲ್ಯದಲ್ಲಿ ಬೆತ್ತದ ಏಟು ತಿಂದು ಲ್ಯಾಟಿನ್ ರೂಪಗಳನ್ನು ಉರು ಹೊಡೆದ ಕಾಲದವರು. ವ್ಯಾಕರಣವೆಂದರೆ ಅವರಿಗೆ ಲ್ಯಾಟಿನ್ನೇ. ಆದರೆ ವಿಶೇಷಣದ ಪ್ರಕರಣಕ್ಕೆ ಬಂದಾಗ ಆ ಚೌಕಟ್ಟಿನಲ್ಲಿ ತುಂಬಲು ಕನ್ನಡದಲ್ಲಿ ಏನೂ ಸಿಕ್ಕದು. ದೊಡ್ಡ ಮರ, ದೊಡ್ಡ ಮರಗಳು, ದೊಡ್ಡ ಮರದಲ್ಲಿ, ದೊಡ್ಡ ಮರಗಳಿಂದ. ೩೬ ಸ್ಥಾನಗಳಿಗೂ ಒಂದೇ ರೂಪ. ತರ, ತಮಗಳಂಥ ತಾರತಮ್ಯ ಪ್ರತ್ಯಯಗಳೂ ಕನ್ನಡಕ್ಕೆ ಸ್ವಂತದವಲ್ಲ. ಅದಕ್ಕಿಂತ ದೊಡ್ಡದು, ಎಲ್ಲಕ್ಕಿಂತ ದೊಡ್ಡದು ಎಂದರೆ ಮುಗಿಯಿತು.

ತಿರುನೆಲ್ವೇಲಿಯಲ್ಲಿದ್ದ ರಾಬರ್ಟ್ ಕಾಲ್ಡ್‌ವೆಲ್ಲನು ೧೮೫೬ರಲ್ಲಿ ದ್ರಾವಿಡಭಾಷೆಗಳ ತೌಲನಿಕ ವ್ಯಾಕರಣವನ್ನು ಪ್ರಕಟಿಸಿ ಈ ಭಾಷೆಗಳ ಗುಣವಾಚಕಗಳು ವಿಶೇಷ್ಯಕ್ಕೆ ತಕ್ಕಂತೆ ರೂಪ ಬದಲಿಸುವದಿಲ್ಲವೆಂದೂ, ಗುಣವನ್ನೊ ಸಂಬಂಧವನ್ನೊ ಹೇಳುವ ನಾಮಗಳು ಇನ್ನೊಂದು ನಾಮದ ಮುಂದೆ ನಿಂತು ಇಲ್ಲವೆ ಕೃದಂತದ ರೂಪ ತಾಳಿ ಆ ಕೆಲಸವನ್ನು ನಿರ್ವಹಿಸುವವೆಂದೂ ತೋರಿಸಿದನು. ಇದು ದೊಡ್ಡ ಹೆಜ್ಜೆ. ಕನ್ನಡವು ಸಂಸ್ಕೃತದ ಮನೆತನದ್ದಲ್ಲವೆಂಬುದಕ್ಕೆ ವಿಶೇಷಣವೂ ಸಾಕ್ಷಿಯಾಯಿತು. ಆದರೆ ಶಾಲೆಗಳಿಗೆ ಇಳಿದು ಬಂದ ತಿಳಿವಳಿಕೆಯು ಬೇರೆಯಾಗಿತ್ತು. ಕನ್ನಡದಲ್ಲಿ ವಿಶೇಷಣಕ್ಕೆ ಪ್ರತ್ಯಯಗಳು ಲೋಪವಾಗಿವೆ ಎಂದು ನಾವು ತಿಳಿದೆವು. ಇಲ್ಲದ್ದನ್ನು ಲೋಪವೆಂದರೆ, ಇರಬೇಕಾಗಿತ್ತು ಎಂದು ಮೊದಲೇ ಒಪ್ಪಿದಂತಾಯಿತು.

೪

ಈ ತಪ್ಪನ್ನು ಪಾದ್ರಿಗಳ ಮೇಲೆಯೇ ಹೊರಿಸುವದು ನ್ಯಾಯವಲ್ಲ. ನಮ್ಮ ಹಿರಿಯರೂ ಇನ್ನೊಂದು ಅಚ್ಚನ್ನು ಹಿಡಿದೇ ಕುಳಿತಿದ್ದರು. ಎರಡನೆಯ ನಾಗವರ್ಮನು ಕರ್ಣಾಟಕಭಾಷಾಭೂಷಣವನ್ನೂ, ೧೬೦೪ರಲ್ಲಿ ಭಟ್ಟಾಕಳಂಕನು ೫೯೨ ಸೂತ್ರಗಳ ಶಬ್ದಾನುಶಾಸನವನ್ನೂ ಸಂಸ್ಕೃತದಲ್ಲಿಯೇ ಬರೆದರು. ಕನ್ನಡದಲ್ಲಿ ಬರೆದ ಕೇಶಿರಾಜನೂ, ಅಂದರೆ ಹದಿಮೂರನೆಯ ಶತಮಾನದ ಶಬ್ದಮಣಿದರ್ಪಣದ ಕರ್ತೃವೂ, ಲಿಂಗಗಳನ್ನು ಒಂಬತ್ತು ಬಗೆಯಾಗಿ ಎಣಿಸುವಾಗ ವಿಶೇಷ್ಯವನ್ನು ಅನುಸರಿಸುವ ಲಿಂಗವನ್ನೂ ಸೇರಿಸಿದನು.

ಆದರೂ ಕೇಶಿರಾಜನ ಕಿವಿಯು ಕನ್ನಡದ್ದು. ಸಮಾಸಪ್ರಕರಣದಲ್ಲಿ ಅವನು ಗುಣವಚನಗಳ ನಡತೆಯನ್ನು ಇದ್ದದ್ದು ಇದ್ದಂತೆ ಕಂಡನು. ಪಿರಿದು ಎಂಬದು ಮರದೊಡನೆ ಸೇರಿದಾಗ ಪೆರ್ಮರ, ಆನೆಯೊಡನೆ ಪೇರಾನೆ. ಕಿರಿದು ಎಂಬದು ಕೆರೆಯೊಡನೆ ಕಿರುಗೆರೆ. ತಾವರೆಯು ಕೆಂದಾವರೆ, ಕೊಡೆಯು ಬೆಳ್ಗೊಡೆ. ಇಲ್ಲಿ ವಿಶೇಷಣವು ಪ್ರತ್ಯಯವನ್ನು ತೊಡುವದಿಲ್ಲ, ಇದ್ದುದನ್ನೂ ಕಳಚಿ ವಿಶೇಷ್ಯದೊಡನೆ ಒಂದಾಗುವದು. ಲ್ಯಾಟಿನ್ನಿನದಕ್ಕೆ ಇದು ನೇರ ವಿರುದ್ಧ. ಆ ನಿಯಮವು ಇಂದಿಗೂ ಬದುಕಿದೆ. ತಂಗಾಳಿ, ಬೆಳದಿಂಗಳು, ಹೆಮ್ಮರಗಳನ್ನು ಬಿಟ್ಟರೂ, ಬೆಳಗಾವಿಗೆ ಹೋಗುವವನು ನೋಡುವ ಹೆದ್ದಾರಿ ಎಂಬ ಫಲಕದಲ್ಲಿ ಕೇಶಿರಾಜನ ಪಾಠವೇ ಇದೆ. ಮಂಗಳೂರಿನಲ್ಲಿ ೧೮೭೨ರಲ್ಲಿ ಶಬ್ದಮಣಿದರ್ಪಣವನ್ನು ಸಂಪಾದಿಸಿ ಪ್ರಕಟಿಸಿದ ಕಿಟ್ಟೆಲರು, ೧೯೦೩ರಲ್ಲಿ ತಮ್ಮ ಕನ್ನಡ ವ್ಯಾಕರಣವನ್ನು ಹೊರತಂದಾಗ ಕೇಶಿರಾಜನನ್ನೇ ಮುಂದಿಟ್ಟುಕೊಂಡು ನಡೆದರು. ಲ್ಯಾಟಿನ್ ಬಲ್ಲ ಪಾದ್ರಿಯೊಬ್ಬರು ಲ್ಯಾಟಿನ್ನನ್ನು ಬದಿಗಿಟ್ಟು ಈ ನಾಡಿನ ವೈಯಾಕರಣನನ್ನು ಗುರುವೆಂದು ಒಪ್ಪಿದುದು ಸಣ್ಣ ಮಾತಲ್ಲ.

ಎರಡು ಪದ್ಧತಿಗಳನ್ನೂ ಒಂದೇ ಕಡೆ ನೋಡಬೇಕೆನ್ನುವವರು ಶಾಸನಗಳ ಮುಂದೆ ನಿಲ್ಲಬೇಕು. ನಮ್ಮ ಉಗರಗೋಳದಿಂದ ಹತ್ತಿರದಲ್ಲಿಯೇ ಇರುವ ಸವದತ್ತಿಯು ಹಿಂದೆ ಸುಗಂಧವರ್ತಿ ಎನಿಸಿಕೊಂಡು ರಟ್ಟರ ರಾಜಧಾನಿಯಾಗಿತ್ತು. ಲತ್ತಲೂರಿನ ಒಡೆಯರೆಂದೂ ಬಂಗಾರದ ಗರುಡಧ್ವಜದವರೆಂದೂ ಹೊಗಳಿಸಿಕೊಂಡ ಮನೆತನವದು. ಇಂಥ ಮಹಾಮಂಡಳೇಶ್ವರರ ಪ್ರಶಸ್ತಿಯಲ್ಲಿ ಬರುವ ಬಿರುದುಗಳು ಸಂಸ್ಕೃತದವು. ಒಂದೊಂದು ಬಿರುದಿನ ಕೊನೆಯಲ್ಲಿಯೂ ಪ್ರಥಮಾವಿಭಕ್ತಿಯ ಬಿಂದುವು ಕುಳಿತಿರುವದು. ರಾಜನ ಹೆಸರಿಗೆ ಯಾವ ವಿಭಕ್ತಿಯೋ ಪ್ರತಿ ಬಿರುದಿಗೂ ಅದೇ. ಆದರೆ ಕನ್ನಡನಾಡಿನ ದಾನಶಾಸನಗಳಲ್ಲಿ ಪ್ರಶಸ್ತಿಯು ಮುಗಿದು ಭೂಮಿಯ ಎಲ್ಲೆಯನ್ನು ಹೇಳುವ ಭಾಗವು ಬಂದ ಕೂಡಲೆ ಭಾಷೆಯು ನೆಲಕ್ಕೆ ಇಳಿಯುವದು. ಪಿರಿಯ ಕೆರೆಯ ಕೆಳಗೆ ಎಂಬಂಥ ಮಾತುಗಳಲ್ಲಿ ಪಿರಿಯ ಎಂಬದು ಬರಿಯ ಪಿರಿಯವೇ. ಕೆರೆಗೆ ಷಷ್ಠಿ ಬಂದರೂ ಅದಕ್ಕೆ ಬರುವದಿಲ್ಲ. ಅರಸನಿಗೆ ಆಸ್ಥಾನದ ವಿಶೇಷಣ, ಹೊಲಕ್ಕೆ ಒಕ್ಕಲಿಗನ ವಿಶೇಷಣ. ಎಲ್ಲೆಯ ವಿಷಯದಲ್ಲಿ ಸಂದೇಹ ಉಳಿಯಬಾರದೆಂದಾಗ ಬರೆದವರು ನಂಬಿದುದು ಎರಡನೆಯದನ್ನು.

ಅದರಲ್ಲಿ ಸಂದೇಹ ಉಳಿಯುವದಿಲ್ಲವೇಕೆ? ಕನ್ನಡದ ವಿಶೇಷಣವು ತನ್ನ ವಿಶೇಷ್ಯವನ್ನು ಬಿಟ್ಟು ಅಲೆಯುವದಿಲ್ಲ. ಅದರ ಸ್ಥಳವು ವಿಶೇಷ್ಯದ ಮುಂದೆ. ಸ್ಥಳವೇ ಸಂಬಂಧವನ್ನು ಹೇಳುವಾಗ ಪ್ರತ್ಯಯವು ಹೇಳಬೇಕಾದುದು ಏನು ಉಳಿಯಿತು? ದೊಡ್ಡಪ್ಪ, ದೊಡ್ಡವ್ವ, ದೊಡ್ಡಮನಿ. ಅಪ್ಪನು ಪುಲ್ಲಿಂಗ, ಅವ್ವ ಸ್ತ್ರೀಲಿಂಗ, ಮನೆ ನಪುಂಸಕ. ದೊಡ್ಡ ಎಂಬದು ಮೂವರಿಗೂ ದೊಡ್ಡದೇ. ಬಿಳಿ ಜೋಳ, ಕರಿ ಹೊಲ, ಹಳಿ ಬಾವಿ, ಹೊಸಾ ಅರಿವಿ ಎಂದು ನಮ್ಮ ಸೀಮೆಯವರು ದಿನಕ್ಕೆ ನೂರು ಸಲ ಆಡುವರು, ಒಮ್ಮೆಯೂ ತಪ್ಪುವದಿಲ್ಲ. ಸಂಸ್ಕೃತದಿಂದ ಬಂದ ಶಬ್ದವೂ ಕನ್ನಡದ ಹೊಸ್ತಿಲು ದಾಟಿದ ಮೇಲೆ ಇದೇ ರೀತಿಗೆ ಒಗ್ಗುವದು. ಸುಂದರ ಹುಡುಗ, ಸುಂದರ ಹುಡುಗಿ, ಸುಂದರ ತೋಟ. ಕೆಟ್ಟ, ಒಣಗಿದ, ತುಂಬಿದ ಎಂಬವು ಕ್ರಿಯಾಪದದಿಂದ ಹುಟ್ಟಿದ ಕೃದಂತಗಳಾದರೂ ಹೀಗೆಯೇ ಬದಲಾಗದೆ ನಿಲ್ಲುವವು. ವಿಶೇಷ್ಯವು ಇಲ್ಲದಾದಾಗ ಮಾತ್ರ ಲಿಂಗವು ಕಾಣಿಸಿಕೊಳ್ಳುವದು: ದೊಡ್ಡವನು, ದೊಡ್ಡವಳು, ದೊಡ್ಡದು. ಲ್ಯಾಟಿನ್ನಿನ ಬೋನಸ್ ಎಂಬ ಒಂದು ಪದದ ಕೆಲಸವನ್ನು ಮಾಡಲು ನಮ್ಮ ಒಳ್ಳೆಯ ಎಂಬದು ಅವನು ಎಂಬದನ್ನು ಕೂಡಿಸಿಕೊಂಡು ಒಳ್ಳೆಯವನು ಎಂಬ ನಾಮಪದವಾಗಬೇಕು.

ಇದರ ತಾತ್ಪರ್ಯವನ್ನು ಸ್ಪಷ್ಟವಾಗಿ ಬಿಡಿಸಿ ಹೇಳಿದವರು ನಮ್ಮವರೇ ಆದ ಡಿ. ಎನ್. ಶಂಕರ ಭಟ್ಟರು. ವಿಶೇಷಣವೆಂಬ ಪದಜಾತಿಯನ್ನು ಕುರಿತು ಜಗತ್ತಿನ ಹಲವು ಭಾಷೆಗಳನ್ನು ಪರಿಶೀಲಿಸಿ ಅವರು ಬರೆದ ಇಂಗ್ಲಿಷ್ ಗ್ರಂಥವು ೧೯೯೪ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಪ್ರಕಟವಾಯಿತು. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ೨೦೦೦ದಲ್ಲಿ ಅವರು ಬರೆದ ಪುಸ್ತಕವನ್ನು ಅನೇಕ ವಾಚಕರು ಬಲ್ಲರು. ವಿಶೇಷಣಕ್ಕೆ ಪರಿಚೆಪದವೆಂದು ಅವರು ಹೆಸರಿಟ್ಟರು. ಸಂಸ್ಕೃತದಂಥ ಭಾಷೆಯಲ್ಲಿ ವಿಶೇಷಣವು ನಾಮಕ್ಕಿಂತ ಬೇರೆಯಾದ ಜಾತಿಯಲ್ಲ. ಕನ್ನಡದಲ್ಲಿಯಾದರೋ ಹೊಸ, ಹಳೆ, ದೊಡ್ಡ, ಚಿಕ್ಕ ಎಂಬ ಶಬ್ದಗಳು ನಾಮವೂ ಅಲ್ಲ, ಕ್ರಿಯೆಯೂ ಅಲ್ಲ. ಅವುಗಳದೇ ಬೇರೆ ಜಾತಿ. ಇದನ್ನು ಓದಿದಾಗ ನನ್ನ ಅರ್ಧ ಆಯುಷ್ಯದ ಪಾಠವು ತಲೆಕೆಳಗಾಯಿತು. ಲ್ಯಾಟಿನ್ನಿನಲ್ಲಿಯೂ ಸಂಸ್ಕೃತದಲ್ಲಿಯೂ ವಿಶೇಷಣವೆಂಬದು ನಾಮದ ಉಡಿಗೆಯನ್ನು ಉಟ್ಟ ನಾಮ. ಅಪ್ಪಟ ವಿಶೇಷಣವಿರುವದು, ಅದು ಇಲ್ಲವೆಂದು ನಾವು ನಾಚಿಕೊಂಡಿದ್ದ ಕನ್ನಡದಲ್ಲಿ.

೫

ಈಗ ಆ ಹುಡುಗನ ಸಂಗತಿ. ಮೂವತ್ತು ವರ್ಷಗಳ ಹಿಂದಿನ ಮಾತು. ಪದಪರಿಚಯವೆಂಬ ಅಭ್ಯಾಸವನ್ನು ನಾನು ತರಗತಿಯಲ್ಲಿ ಬಹಳ ಶ್ರದ್ಧೆಯಿಂದ ಮಾಡಿಸುತ್ತಿದ್ದೆನು. ವಾಕ್ಯದ ಪ್ರತಿಯೊಂದು ಪದವನ್ನೂ ಬರೆದು ಅದರ ಎದುರಿಗೆ ಲಿಂಗ, ವಚನ, ವಿಭಕ್ತಿ ಎಂಬ ಮೂರು ಮನೆಗಳನ್ನು ತುಂಬಬೇಕು. ಅಂದಿನ ವಾಕ್ಯದಲ್ಲಿ ದೊಡ್ಡವ್ವನು ಹೊಸ ಸೀರೆಯನ್ನು ಉಟ್ಟಿದ್ದಳು. ಹೊಸ ಎಂಬುದಕ್ಕೆ ನಪುಂಸಕಲಿಂಗ, ಏಕವಚನ, ದ್ವಿತೀಯಾ ವಿಭಕ್ತಿ, ಪ್ರತ್ಯಯ ಲೋಪ ಎಂಬದು ನಾನು ಕಲಿಸಿದ ಉತ್ತರ. ಒಬ್ಬ ಒಕ್ಕಲಿಗರ ಹುಡುಗನು ಮೂರು ಮನೆಗಳಲ್ಲಿಯೂ ಗೆರೆ ಎಳೆದಿದ್ದನು. ಏಕೆಂದು ಕೇಳಿದರೆ, “ಗುರುಗಳ, ಹೊಸಾ ಅನ್ನೂದು ಹೊಸಾನ ಐತ್ರಿ. ಅದು ಏನೂ ಹಚಗೊಂಡಿಲ್ರಿ” ಎಂದನು.

ಅವನು ಪರೀಕ್ಷಿಸಿ ಹೇಳಿದ್ದನು. ನಾನು ನಂಬಿ ಹೇಳಿದ್ದೆನು. ಆದರೂ ಸೊನ್ನೆ ಬಿದ್ದುದು ಅವನಿಗೆ. ಅಷ್ಟಕ್ಕೇ ನಿಲ್ಲದೆ, ಓದದೆ ಬಂದು ಎದುರುತ್ತರ ಕೊಡುವವನೆಂದು ತರಗತಿಯ ಮುಂದೆ ಅವನನ್ನು ಹಳಿದೆನು. ಆ ಮೇಲೆ ಅವನು ನನ್ನ ಪಾಠದಲ್ಲಿ ಎಂದೂ ಬಾಯಿ ತೆರೆಯಲಿಲ್ಲ. ನಾನು ಹೇಳಿದ್ದನ್ನು ಬರೆದು ಪಾಸಾದನು. ಆಗ ಅದು ನನಗೆ ಜಯವೆಂದು ತೋರಿತ್ತು. ತನ್ನ ಕಿವಿಯಿಂದ ತಾನು ಕೇಳಿದ್ದನ್ನು ನಂಬಬಾರದೆಂದು ಒಬ್ಬ ಮಗುವಿಗೆ ಕಲಿಸಿದಂತಾಯಿತೆಂದು ಈಗ ತೋರುತ್ತದೆ.

ಅವನು ಈಗ ತನ್ನ ಹೊಲವನ್ನು ತಾನೇ ಮಾಡಿಕೊಂಡಿದ್ದಾನೆ. ಮೊಮ್ಮಗಳು ಪ್ರಶ್ನೆ ಕೇಳಿದ ಮರುದಿನ, ಚರಗ ಚೆಲ್ಲಿ ಬರುವ ದಾರಿಯಲ್ಲಿ ಸಿಕ್ಕಾಗ, ಅಂದು ನೀನು ಬರೆದದ್ದೇ ಸರಿ, ತಪ್ಪು ನನ್ನದು ಎಂದು ಹೇಳಿದೆನು. ಅವನು ಯಾವುದೆಂದು ಕ್ಷಣ ನೆನಪಿಸಿಕೊಂಡು, “ಹೊಸಾ ಈಗೂ ಹೊಸಾನ ಐತ್ರಿ, ಗುರುಗಳ” ಎಂದು ನಕ್ಕನು. ನೆನಪಿಟ್ಟಿದ್ದನು.

ಲ್ಯಾಟಿನ್ನನ್ನಾಗಲಿ ಸಂಸ್ಕೃತವನ್ನಾಗಲಿ ಹೀಗಳೆಯುವದು ಈ ಲೇಖನದ ಅಭಿಪ್ರಾಯವಲ್ಲ. ಸಂಸ್ಕೃತದಿಂದಲೇ ನನಗೆ ಅಕ್ಷರವೂ ಅನ್ನವೂ ದೊರೆತವು. ಇಂಡಿಕಸ್, ಇಂಡಿಕಾ, ಇಂಡಿಕಮ್‌ಗಳಲ್ಲಿ ಒಂದು ಸೊಗಸಾದ ಶಿಸ್ತು ಇದೆ. ಅದನ್ನು ನಮ್ಮ ಮಕ್ಕಳು ತಿಳಿಯಬೇಕು. ಬಂಧಿಸುವ ಪ್ರತ್ಯಯವಿರುವ ಭಾಷೆಯಲ್ಲಿ ಪದವು ಎಲ್ಲಿಯೂ ಹೋಗಬಹುದು. ಪ್ರತ್ಯಯವಿಲ್ಲದ ಭಾಷೆಯಲ್ಲಿ ಅದು ತನ್ನ ಸ್ಥಳದಲ್ಲಿಯೇ ಇರಬೇಕು. ಎರಡೂ ವ್ಯವಸ್ಥೆಗಳೇ. ಒಂದರ ಅಳತೆಗೋಲಿನಿಂದ ಇನ್ನೊಂದನ್ನು ಅಳೆದು ಕೊರತೆಯನ್ನು ಎಣಿಸುವದಷ್ಟೇ ತಪ್ಪು. ಆ ಕೊರತೆಯ ಬೆಲೆಯನ್ನು ತೆರುವವರು ವೈಯಾಕರಣರಲ್ಲ. ಬೆಂಚಿನ ಮೇಲೆ ಕುಳಿತ ಮಕ್ಕಳು.

ನಾನು ಕೊಟ್ಟ ಸೊನ್ನೆಯನ್ನು ಅಳಿಸಲು ಆ ಉತ್ತರಪತ್ರಿಕೆಯು ಈಗ ಎಲ್ಲಿಯೂ ಇಲ್ಲ. ಆದರೆ ಪದಪರಿಚಯವನ್ನು ಮಾಡಿಸುವ ಶಿಕ್ಷಕರು ಇನ್ನೂ ಇರುವರು. ಅವರಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ಕನ್ನಡದ ಗುಣವಚನದ ಎದುರಿಗೆ ಲಿಂಗ, ವಚನ, ವಿಭಕ್ತಿಗಳ ಮನೆಗಳನ್ನು ಒಂದು ಮಗುವು ಖಾಲಿ ಬಿಟ್ಟರೆ, ಕೆಂಪು ಶಾಯಿಯ ಲೇಖಣಿಯನ್ನು ಎತ್ತುವ ಮೊದಲು ಆ ವಾಕ್ಯವನ್ನು ಒಮ್ಮೆ ಗಟ್ಟಿಯಾಗಿ ಓದಿ ನೋಡಿರಿ.